ಎರವಲು ಕೆಮ್ಮು

ಲಿಫ್ಟಿನಲ್ಲಿ ಅವನು ಕೆಮ್ಮಿದ. ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ ಲೆಕ್ಕಪತ್ರ ವಿಭಾಗದ ಹೆಂಗಸು ಕೈಯಲ್ಲಿದ್ದ ಫೈಲನ್ನು ಎದೆಗವಚಿಕೊಂಡು ಗಕ್ಕನೆ ತಿರುಗಿದಳು; ತಿರುಗಿ ಇವನನ್ನು ನೋಡಿ, ನಗಬೇಕೋ ಬೈಯಬೇಕೋ ತಿಳಿಯದೆ, ನೀವಾ, ನಾನೇನೋ ಅಂದುಕೊಂಡೆ ಎಂದಳು. ಬಂದದ್ದು ಎರಡೇ ಕೆಮ್ಮು. ಮೊದಲನೆಯದು ಅಪ್ಪಣೆ ಕೇಳುವಂತೆ ಚಿಕ್ಕದು, ಎರಡನೆಯದು ಅಪ್ಪಣೆ ಸಿಗಲಿಲ್ಲವೆಂದು ಸಿಟ್ಟಾದಂತೆ ಉದ್ದನೆಯದು. ನಾಲ್ಕು ತಿಂಗಳ ಹಿಂದೆ ತೀರಿಕೊಂಡ ಚೀಫ್ ಅವರ ಕೆಮ್ಮು ಅದು. ಬಣ್ಣದ ಕಂಪನಿಯ ಲ್ಯಾಬಿಗೆ ಇಪ್ಪತ್ತಾರು ವರ್ಷ ಮುಖ್ಯಸ್ಥರಾಗಿದ್ದವರು. ಅವರು ಬರುವುದಕ್ಕೆ ಅರ್ಧ ನಿಮಿಷ ಮೊದಲೇ ಅವರ ಕೆಮ್ಮು ಕಾರಿಡಾರಿಗೆ ಬಂದು ಹರಟುತ್ತಿದ್ದವರನ್ನು ಕುರ್ಚಿಗೆ ಕಳಿಸುತ್ತಿತ್ತು. ಅವರು ಬದುಕಿದ್ದಾಗ ಚಹಾದ ಹೊತ್ತಿಗೆ ಯಾರಾದರೊಬ್ಬರು ಗಿಳಿ, ಒಂದು ಸಲ ಚೀಫ್ ಮಾಡಪ್ಪ ಎನ್ನುವರು, ಇವನು ಮಾಡುವನು, ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುವರು. ಆಗ ಕೆಮ್ಮು ಇವನ ಮಾತು ಕೇಳುತ್ತಿತ್ತು. ಈಗ ಕರೆಯದೆ ಬರುತ್ತಿತ್ತು. ಈ ದಿನ ಬೆಳಿಗ್ಗೆ ಮಗಳು ಬ್ಯಾಗಿಗೆ ಜಿಪ್ ಹಾಕಿಕೊಡು ಎಂದಾಗ ಇವನು 'ನೋಡೋಣ ತಡಿ' ಎಂದದ್ದು ಯಾರದೋ ದನಿಯಲ್ಲಿತ್ತು. ಹೆಂಡತಿ ಬಚ್ಚಲಿನಿಂದಲೇ, ಮನೇಲಾದ್ರೂ ಸ್ವಲ್ಪ ನೀವೇ ಮಾತಾಡ್ರೀ ಎಂದಿದ್ದಳು. ತಮಾಷೆಗೇ ಅಂದದ್ದು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವನು ತನ್ನ ದನಿ ಹೇಗಿರುತ್ತದೆಂದು ನೆನಪಿಸಿಕೊಳ್ಳಲು ನೋಡಿದ, ಮನೆ ಬಿಡುವಾಗ ಒಲೆ ಆರಿಸಿದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುವವರ ಹಾಗೆ.

ಹನ್ನೊಂದು ಗಂಟೆಗೆ, ಕೆಲಸಕ್ಕೆ ಅರ್ಜಿ ಹಾಕಿದ್ದ ಒಬ್ಬಳು ಬರುವವಳಿದ್ದಳು. ಬರುವುದು ಇವನನ್ನು ನೋಡಲು ಅಲ್ಲ, ಚೀಫ್ ಅವರನ್ನು.

ಮೂರನೇ ಮಹಡಿಯ ಮೂಲೆಯಲ್ಲಿ ನೇಮಕಾತಿಯವರ ಸಾಲು. ಕೂತು ಪರದೆ ತೆರೆದರೆ ಎಡಗಡೆ ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದೊಂದು ಪುಟ್ಟ ಗಡಿಯಾರ. ಕೆಲಸ ಹುಡುಕುವವರೂ ಕೊಡುವವರೂ ಕೂಡುವ ಜಾಲತಾಣದಲ್ಲಿ ಯಾರು ಏನು ಕೇಳಿದರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರ ಹೋಗಬೇಕೆಂಬುದು ನಿಯಮ. ಗಡಿಯಾರ ಹಿಂದಕ್ಕೆ ಓಡುತ್ತದೆ, ಸೊನ್ನೆಗೆ ಬಂದರೆ ಕೆಂಪಾಗುತ್ತದೆ, ಅದು ಕೆಂಪಾದರೆ ವಿಭಾಗದ ಮೇಡಂ ಮುಖವೂ ಕೆಂಪಾಗುತ್ತದೆ. ಆ ನಿಯಮ ಮಾಡಿಸಿದವನು ಇವನೇ. ಒಂದು ಕಾಲಕ್ಕೆ ಇವನೂ ಒಂದು ಕಂಪನಿಯ ಸಂದರ್ಶನ ಮುಗಿಸಿ, 'ತಿಳಿಸ್ತೀವಿ' ಎಂಬ ಮಾತನ್ನು ಜೇಬಿನಲ್ಲಿಟ್ಟುಕೊಂಡು ಹನ್ನೊಂದು ತಿಂಗಳು ಓಡಾಡಿದ್ದ. ಅವರು ಇವತ್ತಿಗೂ ತಿಳಿಸಿಲ್ಲ. ಬೇಡ ಎಂದಾದರೂ ಹೇಳಿದ್ದರೆ ಬೇಡವಾದವನ ನೆಮ್ಮದಿಯಾದರೂ ಸಿಗುತ್ತಿತ್ತು. ಹಾಗಾಗಿ ಈ ಕೆಲಸಕ್ಕೆ ಸೇರಿದ ಮೇಲೆ, ಆಯ್ಕೆಯಾದವರಿಗೆ ಮಾತ್ರವಲ್ಲ, ಬಿದ್ದವರಿಗೂ ದೊಡ್ಡವರೇ ಖುದ್ದಾಗಿ ನಾಲ್ಕು ಮಾತು ಬರೆದರೆ ಹೇಗೆ ಎಂದು ಕೇಳಿದ. ಮೇಡಂಗೆ ಹಿಡಿಸಿತು, 'ಅಭ್ಯರ್ಥಿಯ ಅನುಭವ' ಎಂದು ಅದಕ್ಕೊಂದು ಹೆಸರಿಟ್ಟರು, ಸಂದರ್ಶನ ಒಲಿಯದಿದ್ದರೂ ದರ್ಶನವಾದರೂ ಆಗಲಿ ಎಂದು ಇವನು ಹಿಂದಿನಿಂದ ಪಿಸುಗುಟ್ಟಿ ಅಕ್ಕಪಕ್ಕದವರನ್ನು ನಗಿಸಿದ. ಆದರೆ ದೊಡ್ಡವರಿಗೆ ಬರೆಯಲು ಪುರುಸೊತ್ತಿಲ್ಲ, ಪುರುಸೊತ್ತಿದ್ದವರಿಗೆ ಬರೆಯಲು ಬರುವುದಿಲ್ಲ. ಅವರ ಹೆಸರಿನಲ್ಲಿ ಬರೆಯಲೆಂದು ಏಳು ಜನ ಮುಖ್ಯಸ್ಥರ ಪ್ರೊಫೈಲುಗಳ ಬೀಗದ ಕೈ ಇವನ ಕೈಗೆ ಬಂತು. ಮಾರಾಟದವರ ಬೆನ್ನು ತಟ್ಟುವ ಮಾತು, ಪ್ರತಿ ಸಾಲನ್ನೂ ಚೌಕಾಸಿ ಮಾಡುವಂತೆ ಬರೆಯುವ ಖರೀದಿಯವರು, ಏನಾಯ್ತು ಅಂದ್ರೆ ಎಂದೇ ಶುರು ಮಾಡುವ ಫ್ಯಾಕ್ಟರಿ ಮ್ಯಾನೇಜರ್, ಎಲ್ಲರೂ ಇವನ ಬೆರಳ ತುದಿಯಲ್ಲಿ ಸಾಲಾಗಿ ಕೂತರು. ಇಲ್ಲ ಎನ್ನಿಸಿಕೊಂಡವರೂ ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡತೊಡಗಿದರು. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಬೇಡ ಎಂದಿರಲಿಲ್ಲ ಎಂದು ಒಬ್ಬ ಬರೆದಿದ್ದ. ಏಳು ಜನರಲ್ಲಿ ಆರು ಜನ ಬದುಕಿದ್ದಾರೆ.

ಗಿಳಿ ಎಂಬ ಹೆಸರು ಬಿದ್ದದ್ದು ಕಾಲೇಜಿನಲ್ಲಿ, ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ಮಧ್ಯಾಹ್ನದ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ದಿನ. ಎಲ್ಲರಿಗೂ ಹೇಳುವ ಕತೆ ಅದು. ಯಾರಿಗೂ ಹೇಳದ್ದು ಅದಕ್ಕೂ ಹತ್ತು ವರ್ಷ ಹಿಂದಿನದು. ತಾತ ಹೋಗಿ ಎರಡು ತಿಂಗಳಾಗಿತ್ತು. ಕಣ್ಣು ಮಂಜಾದ ಅಜ್ಜಿ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಇವನು ಪರದೆಯ ಹಿಂದೆ ನಿಂತು ತಾತ ಕರೆಯುತ್ತಿದ್ದ ಹಾಗೆ, ಮೂಗಿನಿಂದ ಎಳೆದು, 'ಏ ಇವಳೇ' ಎಂದ. ಅಜ್ಜಿ 'ಬಂದೆ' ಎಂದಳು. ಎಂದವಳು ಮಡಚಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದೇಬಿಟ್ಟಳು. ಹೊರಗಿದ್ದ ಚಿಕ್ಕಪ್ಪಂದಿರು ಬಿದ್ದು ಬಿದ್ದು ನಕ್ಕರು, ಅಮ್ಮ ಬಂದು ಬೆನ್ನಿಗೆ ಎರಡು ಬಿಟ್ಟಳು. ಇಷ್ಟಾಗಿದ್ದರೆ ತುಂಟತನ. ಆದರೆ ಮರುದಿನ ಅಜ್ಜಿ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತಳು, ಮಡಚಲು ಬಟ್ಟೆಯೇ ಇರಲಿಲ್ಲ, ಮುಖ ಪರದೆಯ ಕಡೆಗಿತ್ತು. ಅವಳಿಗೆ ಗೊತ್ತಿತ್ತೇ ಇಲ್ಲವೇ ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಅವನು ಮತ್ತೆ ಕರೆದ. ಎಷ್ಟು ದಿನ ಕರೆದನೆಂದು ಲೆಕ್ಕವಿಲ್ಲ. ನಿಲ್ಲಿಸಿದ ಮೇಲೆ ಅವಳು ಎಷ್ಟು ದಿನ ಪರದೆ ನೋಡುತ್ತ ಕೂತಿದ್ದಳೆಂಬುದು ಮಾತ್ರ ಗೊತ್ತು, ಏಕೆಂದರೆ ಅಷ್ಟು ದಿನವೂ ಅವನು ಆ ಕೋಣೆಯನ್ನು ತಪ್ಪಿಸಿ ಹಿತ್ತಲ ಬಾಗಿಲಿಂದಲೇ ಓಡಾಡಿದ್ದ.

ಅವಳನ್ನು, ಎಂದರೆ ಈ ಹನ್ನೊಂದು ಗಂಟೆಯವಳನ್ನು, ಅವನು ನೋಡಿದ್ದು ಒಂದೇ ಸಲ, ನವೆಂಬರಿನಲ್ಲಿ. ಲ್ಯಾಬಿನಲ್ಲಿ ಶೇಡ್ ಹೊಂದಿಸುವವರ ಹುದ್ದೆ: ಗಿರಾಕಿ ಕಳಿಸಿದ ತುಣುಕಿನ ಬಣ್ಣಕ್ಕೆ ಸರಿಯಾಗಿ ಬಣ್ಣ ಕಲಸಿ, ಎರಡೂ ಒಂದೇ ಎಂದು ಕಣ್ಣಿನಿಂದ ಹೇಳುವ ಕೆಲಸ. ಹಿಂದೆ ಹದಿನಾಲ್ಕು ವರ್ಷ ಮಾಡಿದ್ದಳು, ಆಮೇಲೆ ಮಾವನವರು ಹಾಸಿಗೆ ಹಿಡಿದು ಒಂಬತ್ತು ವರ್ಷ ಬಿಟ್ಟಿದ್ದಳು. ಅವರೂ ಹೋದ ಮೇಲೆ ಮತ್ತೆ ಅರ್ಜಿ. ಚೀಫ್ ಮೇಜಿನ ಮೇಲೆ ಎರಡು ಬೂದು ಹಲಗೆಗಳನ್ನಿಟ್ಟು, ಒಂದೇನಾ ಬೇರೇನಾ ಹೇಳಿ ಎಂದರು. ಮೂಲೆಯಲ್ಲಿ ಟಿಪ್ಪಣಿ ಬರೆಯುತ್ತಿದ್ದ ಇವನಿಗೆ ಅವು ಅವಳಿಜವಳಿಯಾಗಿ ಕಂಡವು. ಅವಳು ಎರಡನ್ನೂ ಎತ್ತಿಕೊಂಡು ಎದ್ದು ಕಿಟಕಿಗೆ ಹೋದಳು, ಹಗಲ ಬೆಳಕಿಗೆ ಹಿಡಿದಳು, ಇದರೊಳಗೆ ಸ್ವಲ್ಪ ಕೆಂಪಿದೆ ಸರ್, ನಿಮ್ಮ ಟ್ಯೂಬ್‌ಲೈಟು ಮುಚ್ಚಿಡ್ತಿದೆ ಎಂದಳು. ಚೀಫ್ ಕೆಮ್ಮಿದರು. ಮುಂಚೆ ಐದು ಜನ ಕೂತಲ್ಲೇ ಕಣ್ಣು ಕಿರಿದು ಮಾಡಿ ಹೇಳಿ ಹೋಗಿದ್ದರು. ಎದ್ದು ಹೋದವಳು ಇವಳೊಬ್ಬಳೇ. ಅವಳು ಹೋದ ಮೇಲೆ ಚೀಫ್ ಇವನ ಕಡೆ ನೋಡಿ, ಬಿಡಬೇಡ ಇವರನ್ನ ಎಂದರು. ಇವನು ಬಿಡಲಿಲ್ಲ.

ಅಭ್ಯರ್ಥಿಯನ್ನು ಬಿಸಿಯಾಗಿಡುವುದು ಎನ್ನುತ್ತಾರೆ ಈ ಕಸುಬಿನಲ್ಲಿ. ಹುದ್ದೆಗೆ ಮೇಲಿನವರ ಸಹಿ ಬೀಳುವವರೆಗೆ ಮಾತು ಆರದ ಹಾಗೆ ನೋಡಿಕೊಳ್ಳುವುದು. ಚೀಫ್ ಅವರ ಪ್ರೊಫೈಲಿನಿಂದ ವಾರಕ್ಕೊಂದು ಸಂದೇಶ. ಅವಳು ಹಾಕಿದ ಹಳೇ ಲ್ಯಾಬಿನ ಚಿತ್ರಕ್ಕೆ ಒಂದು ಮೆಚ್ಚುಗೆ, ಹೊಸ ಬಿಳಿ ಬಣ್ಣದ ಬಗ್ಗೆ ಒಂದು ಅಭಿಪ್ರಾಯ ಕೇಳುವುದು, ನಿಮ್ಮಂಥ ಕಣ್ಣು ಅಪರೂಪ ಎನ್ನುವುದು. ಅವಳು ಉದ್ದುದ್ದ ಉತ್ತರ ಬರೆಯುತ್ತಿದ್ದಳು. ಒಂಬತ್ತು ವರ್ಷ ಯಾರೂ ನನ್ನನ್ನ ಬಣ್ಣದ ಬಗ್ಗೆ ಕೇಳಿರಲಿಲ್ಲ ಸರ್, ಔಷಧಿ ಕೊಟ್ಟಾಯ್ತಾ ಅಂತ ಕೇಳ್ತಿದ್ರು ಅಷ್ಟೆ, ಎಂದು ಒಮ್ಮೆ ಬರೆದಿದ್ದಳು. ಅದನ್ನು ಇವನು ಎರಡು ಸಲ ಓದಿದ್ದ. ಆಮೇಲೆ ಚೀಫ್ ದನಿಯಲ್ಲಿ ಉತ್ತರಿಸಿದ್ದ, ಅವರಿಗಿಂತ ಚೆನ್ನಾಗಿ.

ಜನವರಿಯ ಒಂದು ಬೆಳಿಗ್ಗೆ ಪ್ರೊಫೈಲು ತೆರೆದರೆ ತಾನು ಬರೆಯದ ಸಂದೇಶವೊಂದು ಅವಳಿಗೆ ಹೋಗಿತ್ತು. ಹಿಂದಿನ ಸಂಜೆ, ಆಸ್ಪತ್ರೆಗೆಂದು ರಜೆ ಹಾಕಿದ್ದ ಚೀಫ್ ತಮ್ಮ ಫೋನಿನಿಂದ ತಾವೇ ಕುಟ್ಟಿದ್ದು. ಚುಕ್ಕಿಯಿಲ್ಲ, ನಮಸ್ಕಾರವಿಲ್ಲ. 'ಈ ಪೋಸ್ಟ್ ಬರಲ್ಲ ಅಮ್ಮ ಮಷಿನ್ ತರಿಸ್ತಿದಾರೆ ಕಾಯಬೇಡಿ ಸಿಕ್ಕಿದ್ದು ಹಿಡೀರಿ ಕಣ್ಣು ಚೆನ್ನಾಗಿದೆ.' ಕೆಳಗೆ ಅವಳ ಪ್ರಶ್ನೆ: 'ಸರ್, ಇದು ನೀವೇ ಬರೆದಿದ್ದಾ? ಟೈಲ್ಸ್ ಫ್ಯಾಕ್ಟರಿಯವರಿಗೆ ನಾನು ಇವತ್ತು ಹೇಳಬೇಕು.' ಅವನಿಗೆ ಮೊದಲು ಬಂದದ್ದು ಸಿಟ್ಟು. ಎರಡು ತಿಂಗಳು ನೆಯ್ದದ್ದನ್ನು ಮುದುಕ ಒಂದು ಸಾಲಿನಲ್ಲಿ ಹರಿದಿದ್ದ, ಅದೂ ಎಂಥ ಒರಟು ಸಾಲು. ಆಮೇಲೆ ಬಂದದ್ದು ಭಯ: ನೀವೇ ಬರೆದಿದ್ದಾ ಎಂಬ ಪ್ರಶ್ನೆ ಈ ಒಂದು ಸಂದೇಶಕ್ಕೆ ನಿಲ್ಲುವುದೇ? ಚೀಫ್‌ಗೆ ಫೋನು ಮಾಡಿ ಕೇಳಬಹುದಿತ್ತು. ಆಸ್ಪತ್ರೆಯಲ್ಲಿದ್ದವರಿಗೆ ಯಾಕೆ ತೊಂದರೆ ಎಂದುಕೊಂಡ. ಅವನ ಪಟ್ಟಿಯಲ್ಲಿ ಹುದ್ದೆಯ ಮುಂದಿನ ಗುಂಡಿ ಇನ್ನೂ ಹಸಿರಾಗಿಯೇ ಇತ್ತು. ಗಡಿಯಾರ ಓಡುತ್ತಿತ್ತು. ಬರೆದ: 'ನಮಸ್ಕಾರ. ನಿನ್ನೆ ಜ್ವರದಲ್ಲಿ ಏನೇನೋ ಬರೆದುಬಿಟ್ಟಿದ್ದೇನೆ, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಕಣ್ಣು ನಮ್ಮ ಲ್ಯಾಬಿಗೆ ಬೇಕು. ಇನ್ನು ಸ್ವಲ್ಪ ದಿನದ ತಾಳ್ಮೆ, ಅಷ್ಟೆ.' ಅವಳು ಟೈಲ್ಸ್ ಫ್ಯಾಕ್ಟರಿಗೆ ಬರುವುದಿಲ್ಲ ಎಂದು ಹೇಳಿದಳು. ಹೇಳಿದೆನೆಂದು ಸಂಜೆ ಖುಷಿಯಿಂದ ಬರೆದಳು. ಹತ್ತು ದಿನಕ್ಕೆ ಹಸಿರು ಗುಂಡಿ ಬೂದು ಬಣ್ಣಕ್ಕೆ ತಿರುಗಿತು, ಹುದ್ದೆ ರದ್ದು. ಬಣ್ಣ ಓದುವ ಮಷಿನ್ ಪೆಟ್ಟಿಗೆಯಲ್ಲಿ ಬಂದು ಲ್ಯಾಬಿನ ಕಿಟಕಿಗೆ ಅಡ್ಡಲಾಗಿ ನಿಂತಿತು. ಇನ್ನೂ ಹತ್ತು ದಿನಕ್ಕೆ ಚೀಫ್ ಹೋದರು.

ಮನೆಯವರು ಮಾಡಿದ ಉತ್ತರಕ್ರಿಯೆ ಬೇಗ ಮುಗಿಯಿತು. ಇವನು ಆಫೀಸಿನಲ್ಲಿ ಕೂತು ಮಾಡುತ್ತಿದ್ದ ಉತ್ತರಕ್ರಿಯೆ ಮುಗಿಯಲೇ ಇಲ್ಲ. ಸತ್ತವರ ಪ್ರೊಫೈಲು ಮುಚ್ಚಲು ಒಂದು ಅರ್ಜಿ ತುಂಬಬೇಕು. ಮುಚ್ಚುವ ಮೊದಲು ಅವಳಿಗೊಂದು ಮಾತು ಹೇಳಬೇಕು. ಹೇಳುವುದಕ್ಕೆ ಒಂದು ದನಿ ಬೇಕು. ಯಾರ ದನಿ? ಚೀಫ್ ತೀರಿಕೊಂಡರು ಎಂದು ಚೀಫ್ ದನಿಯಲ್ಲಿ ಹೇಳುವುದು ಹೇಗೆ? ಈ ವಾರ ಬೇಡ, ಮುಂದಿನ ವಾರ ಎಂದುಕೊಂಡ. ಅಷ್ಟರಲ್ಲಿ ಅವಳ ಸಂದೇಶ, ಗಡಿಯಾರ, ಇವನ ಉತ್ತರ: ಪ್ರಕ್ರಿಯೆ ನಡೆದಿದೆ. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ, ಪ್ರಕ್ರಿಯೆ ನಡೆದೇ ಇತ್ತು. ಅವಳ ಉತ್ತರಗಳು ಚಿಕ್ಕದಾಗುತ್ತ ಬಂದವು. ಹೋದ ವಾರ, ಗುರುವಾರ ಆ ಕಡೆ ಬರುವುದಿದೆ ಸರ್, ಐದು ನಿಮಿಷ ನಿಮ್ಮನ್ನ ನೋಡಿ ಹೋಗ್ತೀನಿ ಎಂದು ಬರೆದಳು. ಬಸ್ಸಿನಲ್ಲಿ ನಿಂತಿದ್ದ ಇವನ ಫೋನು ತಾನೇ ಮೂರು ಸಿದ್ಧ ಉತ್ತರಗಳನ್ನು ಮುಂದಿಟ್ಟಿತು. ಬಸ್ಸು ಕುಲುಕಿತೋ, ಹೆಬ್ಬೆರಳಿಗೆ ಅಭ್ಯಾಸವಾಗಿತ್ತೋ, ಮೊದಲನೆಯದು ಹೊರಟೇಹೋಯಿತು. 'ಖಂಡಿತ ಬನ್ನಿ.'

ಹತ್ತೂ ಐವತ್ತಕ್ಕೆ ಮೇಜಿನ ಫೋನು ಬಡಿದುಕೊಂಡಿತು. ಕೆಳಗಿನ ಸ್ವಾಗತದ ಹುಡುಗಿ ದನಿ ತಗ್ಗಿಸಿ, ಒಬ್ಬರು ಚೀಫ್‌ನ ಕೇಳ್ಕೊಂಡು ಬಂದಿದಾರೆ, ನನಗೆ ಏನು ಹೇಳೋಕೂ ಗೊತ್ತಾಗ್ಲಿಲ್ಲ, ಫೋಟೊ ಹತ್ರ ನಿಂತಿದಾರೆ, ನೀವೇ ಬನ್ನಿ ಎಂದಳು. ಅವನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದ. ಇಳಿಯುತ್ತ ಮೂರು ರೀತಿ ಅಭ್ಯಾಸ ಮಾಡಿದ: ಮೇಡಂ ಹಾಗೆ ಮೆತ್ತಗೆ, ಡಾಕ್ಟರ ಹಾಗೆ ತೂಕವಾಗಿ, ಮಾರಾಟದವರ ಹಾಗೆ ಹೆಗಲ ಮೇಲೆ ಕೈಯಿಟ್ಟು. ಮೂರೂ ಚೆನ್ನಾಗಿಯೇ ಇದ್ದವು. ಪ್ರತಿ ತಿರುವಿನಲ್ಲೂ ಒಂದೊಂದು ಜಾರಿ ಹಿಂದೆ ಉಳಿಯಿತು.

ಕೆಳಗೆ ಗೋಡೆಯ ಮೇಲೆ ಚೀಫ್ ಅವರ ಚಿತ್ರ, ಚಿತ್ರದ ಕೆಳಗೆ ಎರಡು ತಾರೀಖು. ಅವಳು ಎರಡನೆಯ ತಾರೀಖಿನ ಎದುರು ನಿಂತಿದ್ದಳು. ಕೂದಲು ನವೆಂಬರಿಗಿಂತ ಹೆಚ್ಚು ಬೆಳ್ಳಗಾಗಿತ್ತು, ಕನ್ನಡಕ ಎದೆಯ ಮೇಲೆ ದಾರದಲ್ಲಿ ನೇತಾಡುತ್ತಿತ್ತು. ಇವನ ಹೆಜ್ಜೆ ಕೇಳಿದರೂ ತಿರುಗಲಿಲ್ಲ.

"ನಾಲ್ಕು ತಿಂಗಳಾಯ್ತು," ಎಂದಳು.

"ಹೌದು."

"ಹೋದ ವಾರ ನನಗೆ ಖಂಡಿತ ಬನ್ನಿ ಅಂತ ಬರೆದಿದ್ದಾರೆ."

ಅವನು ಬಾಯಿ ತೆರೆದ. ಬಂದದ್ದು ಕೆಮ್ಮು. ಮೊದಲು ಚಿಕ್ಕದು, ಆಮೇಲೆ ಉದ್ದನೆಯದು. ಸ್ವಾಗತದ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಚಿತ್ರದ ಎದುರು ನಿಂತಿದ್ದವಳು ಈಗ ತಿರುಗಿದಳು. ಇವನ ಮುಖವನ್ನಲ್ಲ, ಗಂಟಲನ್ನು ನೋಡಿದಳು, ಹಲಗೆಯ ಅಂಚನ್ನು ನೋಡುವ ಹಾಗೆ.

"ನೀವೇನಾ," ಎಂದಳು. "ಈ ಹುಡುಗಿ ಹೇಳಿದ್ಲು, ಅವರ ನೆನಪಾದ್ರೆ ನಿಮ್ಮ ಹತ್ರ ಅವರ ಥರ ಮಾತಾಡಿಸಿ ಕೇಳ್ತಾರಂತೆ ಎಲ್ಲರೂ. ನನ್ನ ಸಮಾಧಾನಕ್ಕೆ ಹೇಳಿದ್ಲು ಪಾಪ."

ಸೋಫಾ ತೋರಿಸಿದ. ಅವಳು ಕೂರಲಿಲ್ಲ, ಚೀಲದಿಂದ ಫೋನು ತೆಗೆದು ಕಿಟಕಿಗೆ ಹೋದಳು. ಇವನೂ ಹಿಂದೆ ಹೋದ. ಮೊದಲ ಸಂದೇಶದಿಂದ ಬೆರಳಾಡಿಸುತ್ತ ಬಂದಳು, ಓದುತ್ತಿದ್ದಳೋ ಬರೀ ದಾಟಿಸುತ್ತಿದ್ದಳೋ. ಇಷ್ಟು ದಿನ ಎಲ್ಲ ಒಂದೇ ಥರ ಕಾಣುತ್ತಿತ್ತು ಎಂದಳು. ತಾರೀಖು ನೋಡಿದ ಮೇಲೆ ಈಗಷ್ಟೇ ಮತ್ತೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಳಂತೆ. ಸಂದರ್ಶನದಲ್ಲಿ ಆ ಮನುಷ್ಯ ಹತ್ತು ನಿಮಿಷ ಮಾತಾಡಿದ್ದರು, ಒಂದೂ ಒಳ್ಳೇ ಮಾತು ಆಡಿರಲಿಲ್ಲ, ಒಂದೂ ಸುಳ್ಳು ಮಾತೂ ಆಡಿರಲಿಲ್ಲ. ಇಷ್ಟು ಸಂದೇಶಗಳಲ್ಲಿ ಅವರ ಕೆಮ್ಮು ಇರುವುದು ಒಂದರಲ್ಲೇ ಎಂದು ಬೆರಳಿಟ್ಟಳು. ಚುಕ್ಕಿಯಿಲ್ಲದ ಆ ಸಾಲಿನ ಮೇಲೆ. ಉಸಿರು ಸಿಕ್ಕಷ್ಟರಲ್ಲಿ ಹೇಳಿ ಮುಗಿಸಿದ ಹಾಗಿದೆ ನೋಡಿ ಎಂದಳು.

"ಮಾರನೇ ದಿನದ್ದು ಯಾರು ಬರೆದಿದ್ದು?"

ಕಿಟಕಿಯ ಹೊರಗೆ ಲಾರಿಯಿಂದ ಡಬ್ಬಗಳನ್ನು ಇಳಿಸುತ್ತಿದ್ದರು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ, ಅಲ್ಲಿಂದ ಮತ್ತೊಬ್ಬನ ಕೈಗೆ. ಯಾರೂ ಬೀಳಿಸಲಿಲ್ಲ. ಬಿದ್ದಿದ್ದರೆ ಆ ಸದ್ದಿನಲ್ಲಿ ಉತ್ತರವನ್ನು ಮುಂದೂಡಬಹುದಿತ್ತು.

"ನಾನು," ಎಂದ.

ಅವಳು ತಲೆಯಾಡಿಸಿದಳು, ಬೂದು ಬಣ್ಣದೊಳಗೆ ಕೆಂಪು ಸಿಕ್ಕಿತು ಎನ್ನುವ ಹಾಗೆ. ಬೈಯಲಿಲ್ಲ. ಬೈದಿದ್ದರೆ ಮೇಡಂ ಕಲಿಸಿಕೊಟ್ಟ ಹಾಗೆ ಕೇಳಿಸಿಕೊಳ್ಳುವ ಮುಖವನ್ನಾದರೂ ಹಾಕಿಕೊಳ್ಳುತ್ತಿದ್ದ. ಅವಳು ತನಗೇ ಹೇಳಿಕೊಳ್ಳುವಂತೆ ಹೇಳಿದಳು: ಟೈಲ್ಸ್ ಫ್ಯಾಕ್ಟರಿಯಲ್ಲಿ ಬೇರೆಯವರನ್ನು ತೆಗೆದುಕೊಂಡರು, ಆಮೇಲೆ ಎರಡು ಕಡೆ ಹೋಗಿದ್ದೆ, ಹೊಸಬರನ್ನೇ ಕೇಳುತ್ತಾರೆ, ಕಣ್ಣಿಗೂ ಕೆಲಸ ಬೇಕು, ಇಲ್ಲದಿದ್ದರೆ ಮರೆಯುತ್ತದೆ, ಮೊನ್ನೆ ಮನೆಯ ಎರಡು ಬಿಳಿ ದಿಂಬುಗಳಲ್ಲಿ ಯಾವುದು ಹಳೆಯದೆಂದು ತಕ್ಷಣ ಹೇಳಲಾಗಲಿಲ್ಲ. ಆ ಕಡೆ ಬರುವುದಿದೆ ಎಂದು ಬರೆದದ್ದೂ ಸುಳ್ಳು, ಇಲ್ಲಿಗೇ ಬಂದದ್ದು, ಎರಡು ಬಸ್ಸು ಬದಲಾಯಿಸಿ. ಅವರನ್ನು ಒಂದೇ ಮಾತು ಕೇಳಬೇಕಿತ್ತು: ಕಾಯಲೋ ಬೇಡವೋ.

ನಾನು ಬೇರೆ ಕಡೆ ವಿಚಾರಿಸುತ್ತೇನೆ, ನನಗೆ ಪರಿಚಯದವರಿದ್ದಾರೆ ಎಂದು ಅವನು ಶುರು ಮಾಡಿದ. ಅರ್ಧದಲ್ಲೇ ಅದು ಮಾರಾಟದವರ ದನಿ ಎಂದು ಅವನಿಗೇ ಕೇಳಿಸಿತು.

"ತಿಳಿಸ್ತೀರಾ?" ಎಂದಳು ಅವಳು. ಅದರಲ್ಲಿ ವ್ಯಂಗ್ಯವಿತ್ತೋ ಆಸೆಯಿತ್ತೋ ಅವನಿಗೆ ಬೇರ್ಪಡಿಸಲಾಗಲಿಲ್ಲ. ಅವನ ಕಣ್ಣು ಅಂಥ ಕಣ್ಣಲ್ಲ.

ಫೋನನ್ನು ಅವನ ಕೈಗೆ ಕೊಟ್ಟಳು. "ಇದೊಂದನ್ನ ಓದಿ. ಅವರ ಥರ."

ಅವನು ಓದಲು ಹೊರಟ. ಸಾವಿರ ಸಲ ಮಾಡಿದ್ದು. ಗದ್ದ ಒಳಗೆಳೆದು, ಎಡ ಹುಬ್ಬು ಏರಿಸಿ, ಗಂಟಲ ಆಳದ ಆ ಗೊರಗುಟ್ಟುವ ಜಾಗಕ್ಕೆ ದನಿಯನ್ನಿಳಿಸಿದರೆ ಸಾಕು, ಚೀಫ್ ಬಂದು ನಿಲ್ಲುತ್ತಿದ್ದರು. ಗದ್ದ ಒಳಗೆಳೆದ. ಹುಬ್ಬು ಏರಿಸಿದ. ಯಾರೂ ಬರಲಿಲ್ಲ. ಕರೆಯದೆ ಬರುತ್ತಿದ್ದ ಕೆಮ್ಮೂ ಬರಲಿಲ್ಲ. ಪರದೆಯ ಆಚೆ ಯಾರೋ ಬಟ್ಟೆ ಪಕ್ಕಕ್ಕಿಟ್ಟು, ಮುಖವೆತ್ತಿ ಕೂತಿದ್ದರು.

"ಈ ಪೋಸ್ಟ್ ಬರಲ್ಲ," ಎಂದ. ತೆಳುವಾದ, ಸ್ವಲ್ಪ ಮೂಗು ಹತ್ತಿದ, ಎಲ್ಲೂ ಊರಿ ನಿಲ್ಲದ ದನಿ. ಈ ದನಿಯವನನ್ನು ತಾನು ಯಾವತ್ತೂ ಅನುಕರಿಸಿರಲಿಲ್ಲ. "ಮಷಿನ್ ತರಿಸಿದಾರೆ. ಕಾಯಬೇಡಿ. ಸಿಕ್ಕಿದ್ದು ಹಿಡೀರಿ." ನಿಂತ. "ಕಣ್ಣು ಚೆನ್ನಾಗಿದೆ."

ಅವಳು ಫೋನು ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು ಇವನನ್ನು ಮೊದಲ ಸಲ ಎನ್ನುವಂತೆ ನೋಡಿದಳು. ಚಿತ್ರದ ಕಡೆಗೊಮ್ಮೆ ನೋಡಿ, ಬಾಗಿಲ ಕಡೆ ನಡೆದಳು. ಬಾಗಿಲು ತಾನಾಗಿ ತೆರೆದುಕೊಂಡು, ಅವಳು ದಾಟಿದ ಮೇಲೂ ಸ್ವಲ್ಪ ಹೊತ್ತು ಮುಚ್ಚದೆ ನಿಂತಿತ್ತು.

ಮೇಲೆ ಬಂದು ಕೂತ. ಪಕ್ಕದವನು, ಏನು ಗಿಳಿ, ಮುಖ ಯಾಕೆ ಪಂಜರ ಆಗಿದೆ ಎಂದ. ಇವನು ಪರದೆಯ ಕಡೆ ತಿರುಗಿದ. ಪ್ರೊಫೈಲು ಮುಚ್ಚುವ ಅರ್ಜಿಯನ್ನು ತೆರೆದ. ಸಂಬಂಧ ಎಂಬಲ್ಲಿ ಕುಟುಂಬದವರು, ಸಹೋದ್ಯೋಗಿ, ಇತರೆ ಎಂದು ಮೂರು ಆಯ್ಕೆಗಳಿದ್ದವು. ಯಾವುದನ್ನು ಒತ್ತುವುದೆಂದು ನೋಡುತ್ತಿರುವಾಗಲೇ ಎಡಗಡೆಯ ಪಟ್ಟಿಯಲ್ಲಿ ಅವಳ ಹೆಸರು ಮೇಲೆದ್ದು ಬಂತು. ಬಸ್ ನಿಲ್ದಾಣದಿಂದ ಬರೆಯುತ್ತಿದ್ದಿರಬೇಕು, ಮೂರು ಚುಕ್ಕಿಗಳು ಕಾಣಿಸಿದವು, ಮರೆಯಾದವು, ಮತ್ತೆ ಕಾಣಿಸಿದವು. ತನಗೆ ಬೈಗುಳ ಬರಲಿ ಎಂದು ಅವನು ಬೇಡಿಕೊಂಡ. ಬಂದದ್ದು ಜನವರಿಯ ಆ ಒಂದು ಸಾಲಿಗೆ ಕೊಟ್ಟ ಉತ್ತರ. ಇವನಿಗಲ್ಲ.

'ಸರ್, ನೀವು ಹೇಳಿದ್ದು ಇವತ್ತು ತಲುಪಿತು. ಇನ್ನು ಕಾಯುವುದಿಲ್ಲ.'

ಕೆಳಗೆ ಉತ್ತರ ಬರೆಯುವ ಖಾಲಿ ಚೌಕ ತೆರೆದುಕೊಂಡಿತು. ಪರದೆಯೂ ತಾನೇ ಮೂರು ಸಿದ್ಧ ಉತ್ತರಗಳನ್ನು ಮುಂದಿಟ್ಟಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತ. ಅವಳ ಹೆಸರಿನ ಮುಂದೆ ಪುಟ್ಟ ಗಡಿಯಾರ ಕಣ್ಣು ಬಿಟ್ಟಿತು: ಇಪ್ಪತ್ತಮೂರು ಗಂಟೆ, ಐವತ್ತೊಂಬತ್ತು ನಿಮಿಷ.